ರಿಪೋರ್ಟು ಚೆನ್ನಾಗಿದೆ ಎಂದರು. ದಿನಗಳು ಹೇಗಿವೆ ಎಂಬುದನ್ನು ಯಾರಿಗೆ ಹೇಳುವುದು?

ಕಡಿಯಾಳಿಯ ಅಧ್ಯಾಪಿಕೆ | ಜೂನ್ 14, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ, ವಯಸ್ಸು ನಲವತ್ತೆರಡು. ಒಂಬತ್ತು ವರ್ಷಗಳ ಹಿಂದೆ ಎಡಪಕ್ಕೆಯ ಕೆಳಗೆ ಏನೋ ತುಂಬಿಕೊಂಡಂತಾಗಿ, ಎರಡು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿತೆನ್ನಿಸುತ್ತಿತ್ತು. ಗ್ಯಾಸ್ಟ್ರಿಕ್ ಇರಬೇಕೆಂದು ತಿಂಗಳುಗಟ್ಟಲೆ ಜೀರಿಗೆ ಕಷಾಯ ಕುಡಿದೆ. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣಗಳು ಒಂದೂವರೆ ಲಕ್ಷ ದಾಟಿದ್ದವು. ಪಕ್ಕೆಯಲ್ಲಿ ತುಂಬಿಕೊಂಡದ್ದು ಊದಿದ ಗುಲ್ಮ, ಅಂದರೆ ಸ್ಪ್ಲೀನ್. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ಎಲ್ಲರೂ ಹೇಳುವ ಹಾಗೆ ಸಿಎಂಎಲ್. ಅಂದಿನಿಂದ ಇಮ್ಯಾಟಿನಿಬ್ 400 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ.

ಕಳೆದ ವಾರ ತಪಾಸಣೆಗೆ ಹೋಗಿದ್ದೆ. ರಕ್ತದ ಪಿಸಿಆರ್ ಪರೀಕ್ಷೆಯಲ್ಲಿ, ರೋಗ ಎಷ್ಟು ಉಳಿದಿದೆ ಎಂದು ತೋರಿಸುವ ಬಿಸಿಆರ್-ಎಬಿಎಲ್ ಪ್ರಮಾಣ ಶೇಕಡಾ 0.01ಕ್ಕಿಂತ ಕೆಳಗಿದೆ. "ಬಹಳ ಚೆನ್ನಾಗಿದೆ, ಇದನ್ನೇ ಮುಂದುವರಿಸಿ" ಎಂದು ವೈದ್ಯರು ಚೀಟಿ ಬರೆದರು. ಹೊರಗೆ ಬೆಂಚು ತುಂಬ ಜನ ಕಾಯುತ್ತಿದ್ದರು. ನಾನು ಎದ್ದು ಬಂದೆ. ಅವರ ಮೇಲೆ ನನ್ನ ದೂರಿಲ್ಲ. ಅವರು ಹೇಳಿದ್ದು ನಿಜ, ಆ ನಿಜದಿಂದಲೇ ನಾನು ಬದುಕಿದ್ದೇನೆ. ಆದರೆ ಮನೆ ಮುಟ್ಟಿ ಜಗಲಿಯಲ್ಲಿ ಕುಳಿತಾಗ, ಬಗ್ಗಿ ಚಪ್ಪಲಿ ಬಿಚ್ಚುವುದಕ್ಕೂ ತ್ರಾಣ ಉಳಿದಿರಲಿಲ್ಲ. ನಿದ್ದೆ ಮಾಡಿದರೆ ಹೋಗುವ ಆಯಾಸ ಇದಲ್ಲ. ಎದ್ದಾಗಲೂ ನನ್ನ ಜೊತೆಗೇ ಎದ್ದು ಬರುತ್ತದೆ. ಬೆಳಿಗ್ಗೆ ಕಣ್ಣಿನ ಕೆಳಗೆ ಊತವಿರುತ್ತದೆ, ಸ್ಟಾಫ್ ರೂಮಿನಲ್ಲಿ "ರಾತ್ರಿ ಅತ್ತಿರಾ?" ಎಂದು ಕೇಳಿದವರೂ ಇದ್ದಾರೆ.

ಒಂದು ಘಟನೆ ಹೇಳಲೇಬೇಕು. ಮೊನ್ನೆ ಮೂರನೆಯ ಪೀರಿಯಡ್ಡಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬೆರಳುಗಳು ಸೀಮೆಸುಣ್ಣವನ್ನು ಹಿಡಿದ ಹಾಗೆಯೇ ಸೆಟೆದು ನಿಂತುಬಿಟ್ಟವು. ಮಕ್ಕಳಿಗೆ ಕಾಣದಂತೆ ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು ಎಡಗೈಯಿಂದ ಒಂದೊಂದೇ ಬೆರಳನ್ನು ಬಿಡಿಸಿಕೊಂಡೆ. ಹಿಂದಿನಿಂದ ಒಬ್ಬ ಹುಡುಗ, "ಟೀಚರ್, ಅಲ್ಲಿ ಗುರುವಾ ಲಘುವಾ?" ಎಂದು ಕೇಳುತ್ತಲೇ ಇದ್ದ.

ಇನ್ನೊಂದು ಮಾತನ್ನು ಮನೆಯಲ್ಲಿ ಕೂಡ ಹೇಳಿಲ್ಲ. ಶಾಲೆಯ ವಾರ್ಷಿಕೋತ್ಸವ, ಪರೀಕ್ಷಾ ಮೇಲ್ವಿಚಾರಣೆ, ಮದುವೆಯ ಓಡಾಟ ಇಂಥ ದಿನಗಳಲ್ಲಿ ವಾಕರಿಕೆ ಬಾರದಿರಲೆಂದು ನಾನು ಮಾತ್ರೆ ಬಿಡುತ್ತೇನೆ. ಏಕಾದಶಿಯಂದೂ ಬಿಡುತ್ತೇನೆ, ಏಕೆಂದರೆ ಬರಿಹೊಟ್ಟೆಯಲ್ಲಿ ನುಂಗಬಾರದೆಂದಿದ್ದಾರೆ. ರಿಪೋರ್ಟು ಚೆನ್ನಾಗಿರುವಾಗ "ನನಗೆ ಸುಸ್ತು" ಎಂದು ವೈದ್ಯರ ಮುಂದೆ ಹೇಳುವುದು ಕೃತಘ್ನತೆಯಂತೆ ಕಾಣುತ್ತದೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ? ಆಗಿದ್ದರೆ ಹೇಗೆ ಹೇಳಿದಿರಿ?

ನಿವೃತ್ತ ಸ್ಟಾಫ್ ನರ್ಸ್, ಮಂಗಳೂರು | ಜೂನ್ 14, ರಾತ್ರಿ 11.05

ಟೀಚರೇ, ನೀವು ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ನಾನು ರಕ್ತರೋಗಗಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಮಾತ್ರೆ ಬಿಡುವವರು ನೀವೊಬ್ಬರೇ ಅಲ್ಲ. ಬಿಡುತ್ತೇನೆಂದು ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ. ಗದರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ, ಆದರೆ ಲೆಕ್ಕ ನಿಮಗೆ ಗೊತ್ತಿರಬೇಕು.

ಲಂಡನ್ನಿನ ವೈದ್ಯರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ವರ್ಷಗಳಿಂದ ಇಮ್ಯಾಟಿನಿಬ್ ತೆಗೆದುಕೊಳ್ಳುತ್ತಿದ್ದ 87 ಜನರ ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಒಂದು ಚಿಕ್ಕ ಎಲೆಕ್ಟ್ರಾನಿಕ್ ಸಾಧನವಿಟ್ಟು, ಡಬ್ಬಿ ಯಾವಾಗ ತೆರೆಯಿತೆಂಬುದನ್ನು ಮೂರು ತಿಂಗಳು ದಾಖಲಿಸಿದರು. ಶೇಕಡಾ 90ಕ್ಕಿಂತ ಹೆಚ್ಚು ಮಾತ್ರೆಗಳನ್ನು ತಪ್ಪದೆ ನುಂಗಿದವರಲ್ಲಿ, ಆರು ವರ್ಷಗಳ ಹೊತ್ತಿಗೆ ರೋಗದ ಪ್ರಮಾಣ ಶೇಕಡಾ 0.1ರ ಮಟ್ಟಕ್ಕೆ ಇಳಿಯುವ ಸಾಧ್ಯತೆ ಶೇಕಡಾ 94.5 ಇತ್ತು. ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಅದು ಶೇಕಡಾ 28.4 ಮಾತ್ರ. ಶೇಕಡಾ ಹತ್ತು ಎಂದರೆ ತಿಂಗಳಿಗೆ ಮೂರು ಮಾತ್ರೆ. ಎರಡು ಏಕಾದಶಿ ಮತ್ತು ಒಂದು ಮದುವೆ, ಅಷ್ಟೇ.

ಇನ್ನು ಕೃತಘ್ನತೆಯ ಮಾತು. 2011ರಲ್ಲಿ ಇಟಲಿಯ ಸಂಶೋಧಕರು ಬಹುಕಾಲದಿಂದ ಇಮ್ಯಾಟಿನಿಬ್ ಸೇವಿಸುತ್ತಿದ್ದ 448 ಜನರ ಜೀವನದ ಗುಣಮಟ್ಟವನ್ನು ಅದೇ ವಯಸ್ಸಿನ ಆರೋಗ್ಯವಂತರ ಜೊತೆ ಹೋಲಿಸಿ ನೋಡಿದ್ದರು. ಅರವತ್ತು ದಾಟಿದವರ ಸ್ಥಿತಿ ಅವರ ಓರಗೆಯವರ ಹಾಗೆಯೇ ಇತ್ತು. ಹೆಚ್ಚು ಕುಗ್ಗಿದವರು ಹದಿನೆಂಟರಿಂದ ಮೂವತ್ತೊಂಬತ್ತರ ಒಳಗಿನವರು ಮತ್ತು ಹೆಂಗಸರು. ದೊಡ್ಡ ದೂರು ಆಯಾಸ. ಇದನ್ನು ಓದಿದಾಗ ನನಗೆ ನಮ್ಮ ವಾರ್ಡೇ ಕಣ್ಣಮುಂದೆ ಬಂತು. ಪಶ್ಚಿಮದ ದೇಶಗಳಲ್ಲಿ ಸಿಎಂಎಲ್ ಹೆಚ್ಚಾಗಿ ವಯಸ್ಸಾದವರ ಕಾಯಿಲೆ, ನಮ್ಮಲ್ಲಿ ಮೂವತ್ತು ನಲವತ್ತರ ಆಸುಪಾಸಿನವರೇ ಹೆಚ್ಚು. ದುಡಿಯುವ, ಮಕ್ಕಳನ್ನು ಸಾಕುವ ವಯಸ್ಸಿನವರಿಗೆ ಈ ಮಾತ್ರೆ ಜೀವಮಾನದ ಸಂಗಾತಿಯಾಗುತ್ತದೆ. ಹಾಗಿರುವಾಗ ಸುಸ್ತು ಎನ್ನುವುದು ಸಣ್ಣ ಮಾತಲ್ಲ. ಅದನ್ನು ಹೇಳದೆ ಇದ್ದರೆ ಮಾತ್ರೆಯನ್ನೇ ಬಿಡುವ ದಾರಿ ತೆರೆದುಕೊಳ್ಳುತ್ತದೆ, ನಿಮಗೆ ಆದ ಹಾಗೆ.

2003ರಿಂದ, ಕಾರ್ಕಳ | ಜೂನ್ 15, ಬೆಳಿಗ್ಗೆ 6.40

ಹಿರಿಯನೆಂಬ ಸಲುಗೆಯಿಂದ ಬರೆಯುತ್ತಿದ್ದೇನೆ, ಟೀಚರಮ್ಮ ಬೇಸರಿಸಬಾರದು. ನನಗೆ ಈ ರೋಗ ಗೊತ್ತಾದದ್ದು 2003ರಲ್ಲಿ. ಆಗ ಕೈಗೆಟುಕುತ್ತಿದ್ದದ್ದು ಹೈಡ್ರಾಕ್ಸಿಯೂರಿಯಾ. ಉಳ್ಳವರಿಗೆ ಇಂಟರ್‌ಫೆರಾನ್ ಚುಚ್ಚುಮದ್ದು. ಅದನ್ನು ಚುಚ್ಚಿಸಿಕೊಂಡ ಪ್ರತಿ ರಾತ್ರಿಯೂ ಚಳಿಜ್ವರ. ಅಮೆರಿಕದಲ್ಲಿ 2001ರ ಮೇ ತಿಂಗಳಲ್ಲಿ ಮಂಜೂರಾದ ಗ್ಲಿವೆಕ್ (ಇದೇ ಇಮ್ಯಾಟಿನಿಬ್, ಕಂಪನಿ ಇಟ್ಟ ಹೆಸರು) ಮಾತ್ರೆಯ ಬೆಲೆ ನಮ್ಮಲ್ಲಿ ತಿಂಗಳಿಗೆ ಲಕ್ಷಕ್ಕೂ ಮೇಲಿತ್ತು. ನನಗೆ ಅದು ಮ್ಯಾಕ್ಸ್ ಫೌಂಡೇಶನ್ ನೋಡಿಕೊಳ್ಳುತ್ತಿದ್ದ ಉಚಿತ ಯೋಜನೆಯಲ್ಲಿ ಸಿಕ್ಕಿತು. ನನ್ನ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗನಿಗೆ ಅದು ತಲುಪುವ ಮೊದಲೇ ರೋಗ ಕೊನೆಯ ಹಂತಕ್ಕೆ ತಿರುಗಿತ್ತು. ಅವನಿಗೆ ಇಪ್ಪತ್ತಾರು ವರ್ಷ, ಹೆಂಡತಿ ಆರು ತಿಂಗಳ ಬಸುರಿ.

ನನಗೂ ಕಾಲು ಸೆಳೆಯುತ್ತದೆ, ಕಣ್ಣು ಊದುತ್ತದೆ. ಆ ಹುಡುಗನ ನೆನಪಾದಾಗ ನನ್ನ ಕಾಲುನೋವನ್ನು ಹೇಳಿಕೊಳ್ಳಲು ನಾಲಿಗೆ ಬರುವುದಿಲ್ಲ. ಬದುಕಿದ್ದೇವಲ್ಲ, ಇನ್ನೇನು ಬೇಕು?

ಕಡಿಯಾಳಿಯ ಅಧ್ಯಾಪಿಕೆ | ಜೂನ್ 15, ಸಂಜೆ 5.30

ಸರ್, ನಿಮ್ಮ ಮಾತನ್ನು ಎರಡು ಸಲ ಓದಿದೆ. ಬೇಸರವಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಆದರೆ ನನ್ನದೊಂದು ವಿನಂತಿಯಿದೆ. ಆ ಹುಡುಗನಿಗೆ ಸಿಗದೇ ಹೋದ ವರ್ಷಗಳು ನಿಮಗೂ ನನಗೂ ಸಿಕ್ಕಿವೆ. ಸಿಕ್ಕಿದ ವರ್ಷಗಳನ್ನು ಕಾಲುನೋವನ್ನು ನುಂಗಿಕೊಂಡೇ ಕಳೆಯಬೇಕೆಂದು ಅವನು ಬಯಸುತ್ತಿದ್ದನೆಂದು ನನಗೆ ಅನ್ನಿಸುವುದಿಲ್ಲ. ನೀವು ನಿಮ್ಮ ವೈದ್ಯರಿಗೆ ಕಾಲುಸೆಳೆತದ ಬಗ್ಗೆ ಈ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯಾದರೂ ಹೇಳಿದ್ದೀರಾ?

2003ರಿಂದ, ಕಾರ್ಕಳ | ಜೂನ್ 15, ರಾತ್ರಿ 8.10

ಇಲ್ಲ ಅಮ್ಮ, ಹೇಳಿಲ್ಲ.

ಕುಂದಾಪುರ, ಬ್ಯಾಂಕಿನಿಂದ ನಿವೃತ್ತ | ಜೂನ್ 16, ಬೆಳಿಗ್ಗೆ 10.15

ನನ್ನದು ಇನ್ನೊಂದು ಬಗೆ. ಕ್ರಾನಿಕ್ ಲಿಂಫೊಸೈಟಿಕ್ ಲ್ಯುಕೇಮಿಯಾ, ಸಿಎಲ್‌ಎಲ್. ವಯಸ್ಸು ಅರವತ್ತೊಂಬತ್ತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಆಕಸ್ಮಿಕವಾಗಿ ಸಿಕ್ಕಿತು. ನಾಲ್ಕು ವರ್ಷಗಳಾದವು, ಇಂದಿನವರೆಗೆ ಒಂದು ಮಾತ್ರೆಯನ್ನೂ ಕೊಟ್ಟಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ರಕ್ತ ನೋಡುತ್ತಾರೆ, ಕುತ್ತಿಗೆ ಕಂಕುಳು ಮುಟ್ಟಿ ನೋಡುತ್ತಾರೆ, "ಕಾಯೋಣ" ಎನ್ನುತ್ತಾರೆ.

ಈ ಕಾಯುವಿಕೆಯನ್ನು ಬಂಧುಗಳಿಗೆ ವಿವರಿಸುವುದರಲ್ಲೇ ನನ್ನ ಅರ್ಧ ಶಕ್ತಿ ಕಳೆದುಹೋಗಿದೆ. "ಕ್ಯಾನ್ಸರ್ ಎನ್ನುತ್ತಾರೆ, ಮದ್ದು ಕೊಡುವುದಿಲ್ಲ, ಇದೆಂಥ ವೈದ್ಯ? ಬೊಂಬಾಯಿಗೆ ಬನ್ನಿ" ಎಂದು ಅಲ್ಲಿ ಹೋಟೆಲು ನಡೆಸುವ ಭಾವ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಲಕ್ಷಣಗಳಿಲ್ಲದ ಆರಂಭದ ಹಂತದಲ್ಲಿ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಆಯುಷ್ಯವೇನೂ ಹೆಚ್ಚಲಿಲ್ಲ. ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಕುಸಿದರೆ, ಗುಲ್ಮ ಬಹಳ ದೊಡ್ಡದಾದರೆ, ಆರು ತಿಂಗಳಲ್ಲಿ ತೂಕ ಶೇಕಡಾ ಹತ್ತರಷ್ಟು ಇಳಿದರೆ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರತೊಡಗಿದರೆ ಆಗ ಶುರುಮಾಡುತ್ತಾರೆ. ಕೆಲವರಿಗೆ ಕೊನೆಯವರೆಗೂ ಬೇಕಾಗದೆ ಹೋಗುವುದುಂಟು. ಇದೆಲ್ಲ ನನ್ನ ಬುದ್ಧಿಗೆ ಗೊತ್ತು. ಆದರೂ ಪ್ರತಿ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಎಡಗೈ ತಾನಾಗಿಯೇ ದವಡೆಯ ಕೆಳಗಿನ ಗಂಟನ್ನು ಹುಡುಕುತ್ತದೆ. ಅಡಿಕೆಯಷ್ಟಿದೆ. ನಿನ್ನೆಯೂ ಅಷ್ಟೇ ಇತ್ತೇ ಎಂದು ಕನ್ನಡಿಯ ಮುಂದೆ ನಿಂತವನು, ಬಚ್ಚಲಲ್ಲಿ ನೀರು ಕುದಿಯುತ್ತಿದ್ದರೂ ಕದಲುವುದಿಲ್ಲ.

ಮಳೆಗಾಲ ಬಂದರೆ ಇನ್ನೊಂದು ಚಿಂತೆ. ಸಿಎಲ್‌ಎಲ್‌ನಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಹೆಚ್ಚಿದ್ದರೂ ಅವು ಕೆಲಸಕ್ಕೆ ಬರುವ ಕಣಗಳಲ್ಲ, ರೋಗ ತಡೆಯುವ ಇಮ್ಯುನೋಗ್ಲೋಬ್ಯುಲಿನ್ ಕಡಿಮೆಯಾಗುತ್ತಾ ಹೋಗುತ್ತದೆ. ಕಳೆದ ಜುಲೈಯಲ್ಲಿ ಸಾಮಾನ್ಯ ಕೆಮ್ಮು ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಈಗ ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆ ಹಾಕಿಸಿಕೊಂಡಿದ್ದೇನೆ. ಜೀವಂತ ರೋಗಾಣುವಿರುವ ಲಸಿಕೆಗಳು ನಮಗೆ ಕೂಡದು, ಹಾಗಾಗಿ ಯಾವ ಲಸಿಕೆಯಾದರೂ ರಕ್ತರೋಗದ ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಬೇಕು. ಯಕ್ಷಗಾನದ ಬಯಲಾಟಕ್ಕೆ ಮಾತ್ರ ಮಾಸ್ಕು ಹಾಕಿಕೊಂಡಾದರೂ ಹೋಗುತ್ತೇನೆ, ಬಯಲಲ್ಲವೇ. ಮದುವೆ ಹಾಲಿನ ಊಟದ ನೂಕುನುಗ್ಗಲಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ, ಅದಕ್ಕೆ ಕೆಲವರು ಮುನಿಸಿಕೊಂಡಿದ್ದಾರೆ.

ಅಕ್ಕನ ಪರವಾಗಿ, ಉಳ್ಳಾಲ | ಜೂನ್ 16, ರಾತ್ರಿ 10.50

ನನ್ನ ಅಕ್ಕನಿಗೆ ಸಿಎಂಎಲ್ ಬಂದು ಐದು ವರ್ಷ. ಅವಳಿಗೆ ಓದು ಬರಹ ಬರುವುದಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಟೀಚರ್ ಬರೆದ ಸೀಮೆಸುಣ್ಣದ ವಿಷಯವನ್ನು ಓದಿ ಹೇಳಿದಾಗ, "ಅವರಿಗೂ ಹಾಗಾಗುತ್ತದಾ" ಎಂದು ಅಕ್ಕ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು.

ಅವಳು ಬೀಡಿ ಕಟ್ಟುತ್ತಾಳೆ. ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ಹರಡಿ, ಸುರುಳಿ ಸುತ್ತಿ, ತುದಿ ಮಡಚಿ ನೂಲು ಬಿಗಿಯುವುದು ಪೂರ್ತಿ ಬೆರಳಿನ ಕೆಲಸ. ಮೊದಲು ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದಳು. ಈಗ ಮುನ್ನೂರು ನಾನ್ನೂರಕ್ಕೆ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡುಬಿಡುತ್ತದೆ. ಬಿಸಿನೀರಿನಲ್ಲಿ ಅದ್ದಿ, ಬಿಡಿಸಿಕೊಂಡು ಮತ್ತೆ ಕೂರುತ್ತಾಳೆ. ಕಟ್ಟಿದ ಬೀಡಿ ಕೊಡುವ ಬ್ರ್ಯಾಂಚಿನಲ್ಲಿ ಸಂಬಳದ ಲೆಕ್ಕ ಬೀಡಿಯ ಮೇಲೆ. ಮಾತ್ರೆಗಿಂತ ದೊಡ್ಡ ಖರ್ಚು ನಮಗೆ ಕಟ್ಟದೇ ಉಳಿದ ಆ ಬೀಡಿಗಳದ್ದು, ಆಸ್ಪತ್ರೆಗೆ ಹೋದ ದಿನದ ಸಂಬಳದ್ದು.

ಇನ್ನೊಂದು ಸಂಕಟ ಬಣ್ಣದ್ದು. ಮಾತ್ರೆ ಶುರುವಾದ ಮೇಲೆ ಅವಳ ಮುಖ ಮತ್ತು ಕೈ ಬಿಳಿಚಿಕೊಂಡವು. ನೆರೆಯವರು ತೊನ್ನು ಎಂದು ಆಡಿಕೊಂಡರು, ಮಗಳಿಗೆ ಬಂದಿದ್ದ ಒಂದು ಸಂಬಂಧ ಹಿಂದೆ ಸರಿಯಿತು. ಅಕ್ಕ ಎರಡು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಇದು ಮಾತ್ರೆಯಿಂದಲೇ ಆಗುತ್ತದೆಯೇ? ಯಾರಾದರೂ ತಿಳಿಸಿದರೆ ಅದನ್ನು ಅವಳ ಗಂಡನ ಮನೆಯವರಿಗೆ ಓದಿ ಹೇಳಬೇಕೆಂದಿದ್ದೇನೆ.

ಟೀಚರ್ ಹೇಳಿದ ಉಪವಾಸದ ಮಾತಿಗೆ ನಮ್ಮ ಅನುಭವ ಹೇಳುತ್ತೇನೆ. ರಂಜಾನಿನಲ್ಲಿ ಅಕ್ಕನೂ ಮೊದಲ ವರ್ಷ ಮಾತ್ರೆ ಬಿಟ್ಟಿದ್ದಳು. ಮರುವರ್ಷ ಧೈರ್ಯ ಮಾಡಿ ಕೇಳಿದಾಗ ವೈದ್ಯರು ನಗುತ್ತಾ, ದಿನಕ್ಕೊಂದೇ ಮಾತ್ರೆಯಲ್ಲವೇ, ಸಂಜೆ ಇಫ್ತಾರಿನ ನಂತರ ಸರಿಯಾಗಿ ಊಟ ಮಾಡಿ, ನೀರು ಕುಡಿದು ತೆಗೆದುಕೊಳ್ಳಿ ಎಂದರು. ನಿತ್ರಾಣವಾದರೆ ಉಪವಾಸ ಬಿಡಬೇಕೆಂದೂ ಹೇಳಿದರು. ಅಲ್ಲಿಂದೀಚೆಗೆ ಒಂದು ಮಾತ್ರೆಯೂ ತಪ್ಪಿಲ್ಲ.

ಔಷಧಿ ಅಂಗಡಿ, ಕಂಕನಾಡಿ | ಜೂನ್ 17, ಮಧ್ಯಾಹ್ನ 2.30

ಉಳ್ಳಾಲದ ಅಣ್ಣನಿಗೆ ಮೊದಲು ಉತ್ತರ ಕೊಡುತ್ತೇನೆ. ಹೌದು, ಅದು ಮಾತ್ರೆಯಿಂದಲೇ. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಕೆಲಸ ಮಾಡಲು ಕಿಟ್ ಎಂಬ ಒಂದು ಪ್ರೋಟೀನಿನ ಸಂಕೇತ ಬೇಕು. ಇಮ್ಯಾಟಿನಿಬ್ ರೋಗದ ಕಣಗಳನ್ನು ತಡೆಯುವಾಗ ಆ ಸಂಕೇತವನ್ನೂ ತಡೆಯುತ್ತದೆ. ಕಪ್ಪು ಕಂದು ಮೈಬಣ್ಣದ ನಮ್ಮಂಥವರಲ್ಲಿ ಇದು ಎದ್ದು ಕಾಣುತ್ತದೆ. ಇದು ತೊನ್ನು ಅಲ್ಲ, ಅಂಟುವುದಿಲ್ಲ, ಮಕ್ಕಳಿಗೆ ಬರುವುದಿಲ್ಲ. ಸಿಎಂಎಲ್ ಕೂಡ ತಾಯಿಯಿಂದ ಮಗಳಿಗೆ ಬರುವ ರೋಗವಲ್ಲ. 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗುವ ತಪ್ಪು ಅಸ್ಥಿಮಜ್ಜೆಯ ಒಂದು ಕಣದಲ್ಲಿ, ಹುಟ್ಟಿದ ಎಷ್ಟೋ ವರ್ಷಗಳ ಮೇಲೆ ಆಗುವಂಥದ್ದು. 9 ಮತ್ತು 22 ಎಂಬ ಅಂಕಿಗಳಿಂದಲೇ ಸೆಪ್ಟೆಂಬರ್ 22ನ್ನು ಸಿಎಂಎಲ್ ದಿನವೆಂದು ಆಚರಿಸುತ್ತಾರೆ. ಗಂಡನ ಮನೆಯವರಿಗೆ ಇದನ್ನು ಖಂಡಿತ ಓದಿ ಹೇಳಿ. ಬಿಸಿಲಿಗೆ ಹೋಗುವಾಗ ಅಕ್ಕ ಕೈ ಮುಖ ಮುಚ್ಚಿಕೊಳ್ಳಲಿ, ಆ ಚರ್ಮ ಬೇಗ ಸುಡುತ್ತದೆ.

ಕೌಂಟರಿನಲ್ಲಿ ನಿಂತು ನೋಡಿದ ಕೆಲವು ತಪ್ಪುಗಳನ್ನು ಹೇಳಿಬಿಡುತ್ತೇನೆ. ಇಮ್ಯಾಟಿನಿಬ್ ಮಾತ್ರೆಯನ್ನು ಹೊಟ್ಟೆ ತುಂಬ ಉಂಡ ಮೇಲೆ ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು, ತಕ್ಷಣ ಮಲಗಬಾರದು. ಸಿಎಂಎಲ್‌ಗೇ ಕೊಡುವ ಇನ್ನೊಂದು ಮಾತ್ರೆ ನಿಲೋಟಿನಿಬ್ ಇದಕ್ಕೆ ಪೂರ್ತಿ ವಿರುದ್ಧ: ನುಂಗುವ ಎರಡು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಏನನ್ನೂ ತಿನ್ನಬಾರದು. ಒಂದರಿಂದ ಇನ್ನೊಂದಕ್ಕೆ ಬದಲಾದವರು ಹಳೆಯ ಅಭ್ಯಾಸದಿಂದ ಊಟದ ಜೊತೆಗೇ ನುಂಗಿದ್ದನ್ನು ನಾನೇ ಕಂಡಿದ್ದೇನೆ. ಇದೇ ಬಗೆಯ ಮತ್ತೊಂದು ಮಾತ್ರೆ ದಾಸಾಟಿನಿಬ್ ತೆಗೆದುಕೊಳ್ಳುವವರು ಗ್ಯಾಸ್ಟ್ರಿಕ್ ಮಾತ್ರೆಯನ್ನು ತಾವಾಗಿಯೇ ಕೊಂಡು ನುಂಗಿದರೆ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅವರಿಗೆ ಏದುಸಿರು ಬಂದರೆ ಶ್ವಾಸಕೋಶದ ಸುತ್ತ ನೀರು ಸೇರಿರಬಹುದು, ಮಳೆಗಾಲದ ಕೆಮ್ಮೆಂದು ಕೂರಬಾರದು. ಮರೆತ ಮಾತ್ರೆಗೆ ಮರುದಿನ ಎರಡು ನುಂಗುವುದು ಬೇಡ.

ಹಿತ್ತಿಲ ಮದ್ದಿನ ಮಾತು ಕರಾವಳಿಯವರಾದ ನಮಗೆ ಬಹಳ ಮುಖ್ಯ. ಗ್ರೇಪ್‌ಫ್ರೂಟ್ ಹಣ್ಣು ಈ ಮಾತ್ರೆಗಳ ಅಂಶವನ್ನು ರಕ್ತದಲ್ಲಿ ಏರಿಸುತ್ತದೆ, ನಮ್ಮ ಚಕ್ಕೋತ ಅದರ ಹತ್ತಿರದ ಬಂಧು. ಹಾಗಾಗಿ ಚಕ್ಕೋತವನ್ನು ದೂರವಿಡಿ. ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದು ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮಾತ್ರೆಯೂ ಯಕೃತ್ತಿನ ಮೂಲಕವೇ ಹಾದು ಹೋಗುವಂಥದ್ದು. ಕಷಾಯ ಕುಡಿಯುತ್ತಿದ್ದರೆ ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ. ಕಣ್ಣಿನ ಊತಕ್ಕೆ ರಾತ್ರಿ ದಿಂಬು ಸ್ವಲ್ಪ ಎತ್ತರಿಸಿಕೊಳ್ಳುವುದು, ಉಪ್ಪು ತಗ್ಗಿಸುವುದು ಸಹಾಯ ಮಾಡುತ್ತದೆ. ಗಂಜಿಗೆ ಉಪ್ಪಿನಕಾಯಿ ಮತ್ತು ಒಣಮೀನಿನ ಚಟ್ನಿ ನೆಂಚಿಕೊಳ್ಳುವ ನಮ್ಮ ಊರಿನಲ್ಲಿ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ.

ಬೆಲೆಯ ವಿಚಾರದಲ್ಲಿ ಒಂದು ಮಾತು. ಗ್ಲಿವೆಕ್ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದಲೇ ಭಾರತದ ಕಂಪನಿಗಳು ಇಮ್ಯಾಟಿನಿಬ್ ತಯಾರಿಸಿ ಕಡಿಮೆ ಬೆಲೆಗೆ ಮಾರುವುದು ಅಬಾಧಿತವಾಗಿ ಮುಂದುವರಿಯಿತು. ಕಾರ್ಕಳದ ಹಿರಿಯರು ಹೇಳಿದ ಬೆಲೆ ಮತ್ತು ಇವತ್ತು ನಾನು ಬಿಲ್ ಹಾಕುವ ಬೆಲೆ, ಎರಡರ ನಡುವೆ ಹೋಲಿಕೆಯೇ ಇಲ್ಲ.

ಸುರತ್ಕಲ್, 29 | ಜೂನ್ 19, ರಾತ್ರಿ 12.40

ನಾನು ದುಬೈಯಲ್ಲಿ ಕೆಲಸ ಮಾಡುತ್ತಿದ್ದೆ, ಸಿಎಂಎಲ್ ಎಂದು ಗೊತ್ತಾದ ಮೇಲೆ ಊರಿಗೆ ಬಂದೆ. ಆರು ವರ್ಷವಾಯಿತು. ನೋಡಿದವರಿಗೆ ನಾನು ಗಟ್ಟಿಮುಟ್ಟಾಗಿಯೇ ಕಾಣುತ್ತೇನೆ, ಅದೇ ನನ್ನ ತೊಂದರೆ. ಕ್ರಿಕೆಟ್ಟಿಗೆ ಕರೆಯುತ್ತಾರೆ, ನಾಲ್ಕು ಓವರ್ ಆದ ಮೇಲೆ ಮರದ ಕೆಳಗೆ ಕುಳಿತರೆ ಸೋಮಾರಿ ಎನ್ನುತ್ತಾರೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ವಿಷಯವನ್ನು ಮದುವೆಯಾದ ಮೇಲೆ ಹೇಳಿದರಾಯಿತು ಎನ್ನುತ್ತಾರೆ ಅಮ್ಮ. ನನ್ನ ಮನಸ್ಸು ಅದಕ್ಕೆ ಒಪ್ಪುತ್ತಿಲ್ಲ. ಮಾತ್ರೆಯನ್ನು ಪೂರ್ತಿಯಾಗಿ ನಿಲ್ಲಿಸಬಹುದು ಎಂದು ಎಲ್ಲೋ ಓದಿದೆ. ನಿಲ್ಲಿಸಿದರೆ ಹೇಳುವ ಅಗತ್ಯವೇ ಇರುವುದಿಲ್ಲವಲ್ಲ?

ನಿವೃತ್ತ ಸ್ಟಾಫ್ ನರ್ಸ್, ಮಂಗಳೂರು | ಜೂನ್ 19, ಬೆಳಿಗ್ಗೆ 9.00

ತಮ್ಮಾ, ನಿಲ್ಲಿಸುವ ದಾರಿ ಇದೆ, ಆದರೆ ಅದನ್ನು ಒಬ್ಬನೇ ನಡೆಯುವ ಹಾಗಿಲ್ಲ. ಫ್ರಾನ್ಸಿನಲ್ಲಿ 2007ರಲ್ಲಿ ಶುರುವಾದ ಪ್ರಯೋಗವೊಂದರಲ್ಲಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆಯಲ್ಲಿ ರೋಗದ ಸುಳಿವೇ ಕಾಣದಿದ್ದ ನೂರು ಜನರಿಗೆ ಇಮ್ಯಾಟಿನಿಬ್ ನಿಲ್ಲಿಸಿ ನೋಡಿದರು. ಸುಮಾರು ನಲವತ್ತು ಜನರಲ್ಲಿ ರೋಗ ಮರಳಲಿಲ್ಲ. ಮರಳಿದವರಲ್ಲಿ ಬಹುಪಾಲು ಜನರಿಗೆ ಮೊದಲ ಆರೇಳು ತಿಂಗಳಲ್ಲೇ ಮರಳಿತು, ಮಾತ್ರೆ ಮತ್ತೆ ಶುರುಮಾಡಿದಾಗ ಹತೋಟಿಗೂ ಬಂತು. ಅದು ಸಾಧ್ಯವಾದದ್ದು ಮೊದಲ ವರ್ಷ ತಿಂಗಳು ತಿಂಗಳೂ ಪಿಸಿಆರ್ ಮಾಡಿ ಕಾವಲು ಕಾದದ್ದರಿಂದ. ಕೆಲವು ವರ್ಷ ತಪ್ಪದೆ ಮಾತ್ರೆ ನುಂಗಿ, ಆಮೇಲೆ ಕನಿಷ್ಠ ಎರಡು ವರ್ಷವಾದರೂ ಬಹಳ ಕೆಳಮಟ್ಟದಲ್ಲಿ ನಿಂತವರಿಗೆ ಮಾತ್ರ ವೈದ್ಯರು ಈ ಮಾತು ಎತ್ತುತ್ತಾರೆ. ನಿಲ್ಲಿಸಿದ ಹೊಸದರಲ್ಲಿ ಕೆಲವರಿಗೆ ಕೀಲು ಸ್ನಾಯುಗಳ ನೋವು ಹೆಚ್ಚುವುದುಂಟು, ರೋಗ ಮರಳಿತೆಂದು ಅವರು ಹೆದರುತ್ತಾರೆ. ಸದ್ದಿಲ್ಲದೆ ನೀವೇ ನಿಲ್ಲಿಸಿಬಿಟ್ಟರೆ ಏನಾಗುತ್ತದೆಂದು ನಾನು ವಾರ್ಡಿನಲ್ಲಿ ನೋಡಿದ್ದೇನೆ, ಬರೆಯಲು ಮನಸ್ಸಿಲ್ಲ.

ಮದುವೆಯ ಮಾತಿನಲ್ಲಿ ನಿಮ್ಮ ಮನಸ್ಸು ಸರಿಯಾಗಿಯೇ ಹೇಳುತ್ತಿದೆ. ಮುಚ್ಚಿಟ್ಟು ಮದುವೆಯಾದವರು ಮಾತ್ರೆಯನ್ನೂ ಮುಚ್ಚಿಟ್ಟೇ ನುಂಗಬೇಕಾಗುತ್ತದೆ, ಕೊನೆಗೆ ಬಿಡುತ್ತಾರೆ. ಹುಡುಗಿಯನ್ನೂ ಅವಳ ಮನೆಯ ಒಬ್ಬ ಹಿರಿಯರನ್ನೂ ಕರೆದುಕೊಂಡು ಒಮ್ಮೆ ವೈದ್ಯರ ಹತ್ತಿರ ಹೋಗಿ ಕುಳಿತು ಮಾತಾಡಿ. ಇಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿಗೂ ಒಂದು ಮಾತು: ಈ ಮಾತ್ರೆಗಳು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು. ಮಗು ಬೇಕೆಂದರೆ ಸಾಧ್ಯವೇ ಇಲ್ಲವೆಂದಲ್ಲ, ಆದರೆ ಬಸುರಾಗುವ ಮೊದಲೇ ವೈದ್ಯರೊಂದಿಗೆ ಕುಳಿತು ಯೋಜನೆ ಮಾಡಬೇಕು.

ಟೀಚರೇ, ಮುಂದಿನ ಭೇಟಿಗೆ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. "ಸುಸ್ತು" ಎಂಬ ಒಂದು ಶಬ್ದ ಹೇಳಿದರೆ ಅದು ಗಾಳಿಯಲ್ಲಿ ಹೋಗುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೆಲಸ ಅರ್ಧಕ್ಕೆ ನಿಂತಿತು ಎಂದು ಬರೆದುಕೊಂಡು ಹೋಗಿ. ಬಿಟ್ಟ ಮಾತ್ರೆಗಳನ್ನೂ ಬರೆಯಿರಿ. ಕುಳಿತ ಕೂಡಲೇ ಪುಸ್ತಕವನ್ನು ಅವರ ಮುಂದಿಡಿ, ರಿಪೋರ್ಟು ತೋರಿಸುವ ಮೊದಲೇ.

ಕಡಿಯಾಳಿಯ ಅಧ್ಯಾಪಿಕೆ | ಜುಲೈ 30, ರಾತ್ರಿ 9.45

ಸಿಸ್ಟರ್ ಹೇಳಿದಂತೆ ಐದು ವಾರ ಬರೆದೆ. ಆರು ತಿಂಗಳು ಕಾಯದೆ, ಮೊದಲೇ ಸಮಯ ಕೇಳಿಕೊಂಡು ನಿನ್ನೆ ಹೋಗಿ ಬಂದೆ. ಪುಸ್ತಕವನ್ನು ಮೇಜಿನ ಮೇಲಿಟ್ಟಾಗ ಕೈ ನಡುಗುತ್ತಿತ್ತು. ವೈದ್ಯರು ಮೊದಲ ಪುಟ ಓದಿದರು, ಪೆನ್ನು ಕೆಳಗಿಟ್ಟರು, ಆಮೇಲೆ ಉಳಿದದ್ದನ್ನೂ ಓದಿದರು. ಬಿಟ್ಟ ಮಾತ್ರೆಗಳ ಪುಟಕ್ಕೆ ಬಂದಾಗ ನಾನು ತಲೆ ತಗ್ಗಿಸಿದ್ದೆ. ಅವರು ಬೈಯಲಿಲ್ಲ. "ಇದನ್ನು ನಾನು ಕೇಳಬೇಕಾಗಿತ್ತು" ಎಂದರು.

ಆಯಾಸವನ್ನೆಲ್ಲ ಮಾತ್ರೆಯ ತಲೆಗೆ ಕಟ್ಟಬಾರದೆಂದು ಹೇಳಿ ಥೈರಾಯ್ಡ್, ಕಬ್ಬಿಣಾಂಶ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಪರೀಕ್ಷಿಸಿದರು. ಹಿಮೋಗ್ಲೋಬಿನ್ 9.6 ಇತ್ತು, ಕಬ್ಬಿಣಾಂಶ ತಳ ಮುಟ್ಟಿತ್ತು. ತಿಂಗಳ ಸ್ರಾವ ಹೆಚ್ಚಿದ್ದುದನ್ನೂ ನಾನು ಇಷ್ಟು ದಿನ ಹೇಳಿರಲಿಲ್ಲ. ಅದಕ್ಕೆ ಚಿಕಿತ್ಸೆ ಶುರುವಾಗಿದೆ. ಬೆಳಗಿನ ತಿಂಡಿಯ ಜೊತೆ ನುಂಗುತ್ತಿದ್ದ ಮಾತ್ರೆಯನ್ನು ರಾತ್ರಿ ಏಳೂವರೆಯ ಊಟಕ್ಕೆ ಬದಲಿಸಿದರು, ಹತ್ತರವರೆಗೆ ಮಲಗಬಾರದು. ಇದರಿಂದ ಶಾಲೆಯ ಹೊತ್ತಿನ ವಾಕರಿಕೆ ತಪ್ಪಬಹುದು ಎಂದಿದ್ದಾರೆ. ಮೂರು ತಿಂಗಳಿಗೆ ಇನ್ನೊಂದು ಪಿಸಿಆರ್ ಮಾಡಿ, ಮಾತ್ರೆಯ ಪ್ರಮಾಣದ ಬಗ್ಗೆ ಆಗ ಮಾತಾಡೋಣ ಎಂದರು.

ಪ್ರಥಮೈಕಾದಶಿಯಂದು ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂದೆ. ಸಂಜೆ ಅತ್ತೆಯವರೇ ಅವಲಕ್ಕಿ ಮೊಸರು, ಎರಡು ಬಾಳೆಹಣ್ಣು ತಂದು ಮುಂದಿಟ್ಟು, "ಹೊಟ್ಟೆ ತುಂಬ ತಿಂದು ಮಾತ್ರೆ ತಗೋ" ಎಂದರು. ಹಿಂದಿನ ರಾತ್ರಿ ಅವರಿಗೆ ಎಲ್ಲವನ್ನೂ ಹೇಳಿದ್ದೆ. ಒಂಬತ್ತು ವರ್ಷ ನಾನು ಹೆದರಿದ್ದು ಯಾರಿಗೆ ಎಂದು ನನಗೇ ಗೊತ್ತಾಗಲಿಲ್ಲ.

ಕಣ್ಣಿನ ಊತ ಹಾಗೆಯೇ ಇದೆ. ಬೆರಳು ಇವತ್ತೂ ಸೆಟೆದುಕೊಂಡಿತು, ಆದರೆ ಈ ಸಲ ಮಕ್ಕಳ ಕಡೆಗೆ ತಿರುಗಿ ನಿಂತೇ ಬಿಡಿಸಿಕೊಂಡೆ. ಒಬ್ಬ ಹುಡುಗಿ ಎದ್ದು ಬಂದು ಸೀಮೆಸುಣ್ಣ ಇಸಿದುಕೊಂಡು ಉಳಿದ ಸಾಲಿಗೆ ಪ್ರಸ್ತಾರ ಹಾಕಿದಳು.

2003ರಿಂದ, ಕಾರ್ಕಳ | ಜುಲೈ 31, ಬೆಳಿಗ್ಗೆ 6.15

ನಾನೂ ಹೇಳಿದೆ ಅಮ್ಮ. ಕಾಲುಸೆಳೆತಕ್ಕೆ ಮದ್ದು ಕೊಟ್ಟಿದ್ದಾರೆ. ಮೂರು ರಾತ್ರಿ ಪೂರ್ತಿ ನಿದ್ದೆ ಬಂತು.

ಅಕ್ಕನ ಪರವಾಗಿ, ಉಳ್ಳಾಲ | ಜುಲೈ 31, ರಾತ್ರಿ 10.20

ಔಷಧಿ ಅಂಗಡಿಯವರು ಬರೆದದ್ದನ್ನು ಭಾವನ ಮನೆಯಲ್ಲಿ ಎಲ್ಲರೂ ಕುಳಿತಾಗ ಓದಿದೆ. ಯಾರೂ ಏನೂ ಹೇಳಲಿಲ್ಲ, ಆದರೆ ಅಕ್ಕನ ಅತ್ತೆ ಮರುದಿನ ಅವಳನ್ನು ಜೊತೆಗೆ ಕರೆದುಕೊಂಡು ಮದುವೆಗೆ ಹೋದರು.

ಅಕ್ಕನಿಗೆ ಬರೆಯಲು ಬರುವುದಿಲ್ಲವಾದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಾಳೆ. ಬೆರಳು ಮಡಚಿದ ದಿನಕ್ಕೆ ಅಡ್ಡಗೆರೆ, ಹೊಟ್ಟೆ ಕೆಟ್ಟ ದಿನಕ್ಕೆ ಸೊನ್ನೆ, ಚೌಕದ ಮೂಲೆಯಲ್ಲಿ ಅವತ್ತು ಕಟ್ಟಿದ ಬೀಡಿಯ ಲೆಕ್ಕಕ್ಕೆ ನೂರಕ್ಕೊಂದರಂತೆ ಚುಕ್ಕೆ. ಜುಲೈ ತಿಂಗಳಲ್ಲಿ ಹದಿನೇಳು ಅಡ್ಡಗೆರೆಗಳಿವೆ. ಆಗಸ್ಟ್ 11ಕ್ಕೆ ನಮ್ಮ ಸರದಿ. ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು ತರಬಹುದೇ ಸಿಸ್ಟರ್?

ನಿವೃತ್ತ ಸ್ಟಾಫ್ ನರ್ಸ್, ಮಂಗಳೂರು | ಜುಲೈ 31, ರಾತ್ರಿ 10.50

ಹಾಗೆಯೇ ಸುತ್ತಿಕೊಂಡು ತನ್ನಿ. ಮಳೆಯಿದೆ, ಪ್ಲಾಸ್ಟಿಕ್ಕಿನಲ್ಲಿ ಹಾಕಿಕೊಳ್ಳಿ.